ಜಾಮ್ ಅಲ್ಲ ಸ್ವಾಮಿ, ಜಾಮರ್!

ಸಂಪಾದಕರಿಗೆ,

ಮಾನ್ಯರೇ,

ದೆಹಲಿ ಹತ್ತಿರ ವಿಮಾನಗಳಿಗೆ ಯಾರೋ ಸುಳ್ಳು ಜಿಪಿಎಸ್ ಸಿಗ್ನಲ್ ಕಳಿಸಿದ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದ್ದೆ. ಓದಿ ಪೇಪರ್ ಮಡಚಿಟ್ಟಿದ್ದೆ. ದೆಹಲಿ ಎಲ್ಲಿ, ನಮ್ಮ ಚಿಕ್ಕಬಳ್ಳಾಪುರ ಎಲ್ಲಿ, ಅಲ್ವಾ? ಆದರೆ ಹೋದ ತಿಂಗಳು ನಮ್ಮ ಮನೆ ಅಂಗಳದಲ್ಲೇ ಒಂದು ಸಂಗತಿ ನಡೆಯಿತು. ಆಗಿನಿಂದ ಈ ಪತ್ರ ತಲೆಯಲ್ಲಿ ಕೊರೆಯುತ್ತಿದೆ. ಸ್ವಲ್ಪ ಉದ್ದ ಆಗುತ್ತದೆ. ಕತ್ತರಿ ನಿಮ್ಮ ಕೈಲೇ ಇದೆ.

ನಾನು ವಾಯುಪಡೆಯಲ್ಲಿ ರೇಡಿಯೋ ಫಿಟರ್ ಆಗಿದ್ದವನು. ಜಾಲಹಳ್ಳಿಯಲ್ಲಿ ಟ್ರೈನಿಂಗ್, ಆಮೇಲೆ ಇಪ್ಪತ್ತು ವರ್ಷ ಊರೂರು ಸುತ್ತಾಟ. 1994ರಲ್ಲಿ ಪೆನ್ಷನ್ ತಗೊಂಡು ಬಂದು ಚಿಕ್ಕಬಳ್ಳಾಪುರ ಪೇಟೆಯಲ್ಲಿ ರೇಡಿಯೋ, ಟಿವಿ ರಿಪೇರಿ ಅಂಗಡಿ ಇಟ್ಟೆ. ಮೊಬೈಲ್ ಬಂದ ಮೇಲೆ ಅಂಗಡಿಗೆ ನೊಣವೂ ಬರಲಿಲ್ಲ. ಈಗ ನಂದಿ ಕಡೆ ಒಂದೂವರೆ ಎಕರೆ ದ್ರಾಕ್ಷಿ, ಬದಿಯಲ್ಲಿ ಸ್ವಲ್ಪ ಸೇವಂತಿಗೆ. ತೋಟದಲ್ಲಿ ನಿಂತು ತಲೆ ಎತ್ತಿದರೆ ದೇವನಹಳ್ಳಿಗೆ ಇಳಿಯುವ ವಿಮಾನಗಳು. 2008ರಲ್ಲಿ ಆ ಏರ್‌ಪೋರ್ಟ್ ಶುರುವಾದಾಗಿನಿಂದ ಅದೇ ನನ್ನ ಟಿವಿ.

ನಮ್ಮ ಪಕ್ಕದ ಮನೆಯ ಹುಡುಗ ಪಿಕಪ್ ಓಡಿಸುತ್ತಾನೆ. ನಡುರಾತ್ರಿ ಹೂವು ತುಂಬಿಕೊಂಡು ಬೆಂಗಳೂರಿಗೆ ಹೊರಟರೆ, ವಾಪಸ್ ಬರುವಾಗ ಸಿಕ್ಕ ಬಾಡಿಗೆ. ಗಾಡಿ ಅವನದಲ್ಲ, ಮಾಲೀಕ ಬೇರೆ. ಆವತ್ತು ಸಂಜೆ ನಮ್ಮ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ, ಖಾಲಿ ಕ್ರೇಟ್ ಇಳಿಸುತ್ತಿದ್ದ. ಜಗಲಿಯಲ್ಲಿ ಕೂತಿದ್ದ ನನ್ನ ಮೊಮ್ಮಗಳು ಗೌರಿಬಿದನೂರಿಗೆ ಯಾವ ದಾರಿ ಹತ್ತಿರ ಅಂತ ಫೋನಿನಲ್ಲಿ ನೋಡುತ್ತಿದ್ದಳು. "ತಾತ, ಮ್ಯಾಪ್ ನಿಂತೇ ಹೋಯ್ತು" ಅಂದಳು. ನನ್ನ ಫೋನ್ ತೆಗೆದೆ. ಅದರಲ್ಲೂ ನೀಲಿ ಚುಕ್ಕೆ ಇಲ್ಲ. ಹುಡುಗ ಗಾಡಿ ತಗೊಂಡು ತಿರುವು ದಾಟಿದ. ಚುಕ್ಕೆ ಬಂತು. ಮರೆತ ಕ್ರೇಟಿಗೆ ವಾಪಸ್ ಬಂದ. ಚುಕ್ಕೆ ಮತ್ತೆ ಮಾಯ.

ರೇಡಿಯೋ ಕೆಲಸ ಮಾಡಿದವನಿಗೆ ಇಷ್ಟು ಸಾಕು. ಹೋಗಿ ಕ್ಯಾಬಿನ್ ಬಾಗಿಲು ತೆಗೆದೆ. ಸಿಗರೇಟ್ ಲೈಟರ್ ತೂತಿಗೆ ಹೆಬ್ಬೆರಳು ಗಾತ್ರದ ಕರಿ ಡಬ್ಬಿ ಸಿಕ್ಕಿಸಿದ್ದ. ತುದಿಯಲ್ಲಿ ಗಿಡ್ಡ ಆಂಟೆನಾ, ಪಕ್ಕದಲ್ಲಿ ಹಸಿರು ಲೈಟು.

"ಏನಪ್ಪಾ ಇದು?"

"ಚಾರ್ಜರ್, ಮಾವ."

"ಚಾರ್ಜರ್‌ಗೆ ಯಾವೋನೋ ಆಂಟೆನಾ ಇಟ್ಟೋನು?"

ಹಲ್ಲು ಕಿರಿದ. ಆಮೇಲೆ ನಿಜ ಹೇಳಿದ. ಮಾಲೀಕ ಗಾಡಿಗೆ ಟ್ರ್ಯಾಕರ್ ಹಾಕಿಸಿದ್ದಾನೆ. ಟೀಗೆ ಹತ್ತು ನಿಮಿಷ ನಿಂತರೆ ಫೋನ್ ಬರುತ್ತದೆ. ದಾರಿ ಬಿಟ್ಟು ಎರಡು ಕಿಲೋಮೀಟರ್ ಹೋದರೆ ಡೀಸೆಲ್ ದುಡ್ಡು ಸಂಬಳದಲ್ಲಿ ಕಟ್. ಜೊತೆ ಡ್ರೈವರ್ ಒಬ್ಬ ಈ ಡಬ್ಬಿ ಆನ್‌ಲೈನಿನಲ್ಲಿ ತರಿಸಿಕೊಟ್ಟನಂತೆ. ಇದನ್ನು ಸಿಕ್ಕಿಸಿದರೆ ಗಾಡಿ ಎಲ್ಲಿದೆ ಅಂತ ಮಾಲೀಕನಿಗೆ ಗೊತ್ತಾಗಲ್ಲ. ಹುಡುಗನ ಮೇಲೆ ನನಗೆ ಅಷ್ಟು ಸಿಟ್ಟು ಬರಲಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟು ಓಡಿಸುವವನ ಟೀಗೂ ಲೆಕ್ಕ ಇಟ್ಟರೆ ಅವನಾದರೂ ಏನು ಮಾಡುತ್ತಾನೆ. ಆದರೆ ಆ ಡಬ್ಬಿ ಸಿಕ್ಕಿಸಿಕೊಂಡು ಅವನು ದಿನಾ ಹೋಗುವುದು 44ನೇ ಹೆದ್ದಾರಿಯಲ್ಲಿ. ಏರ್‌ಪೋರ್ಟ್ ಪಕ್ಕದಲ್ಲೇ.

ಜಿಪಿಎಸ್ ಸ್ಯಾಟಲೈಟ್ ಇರುವುದು ಸುಮಾರು 20,200 ಕಿಲೋಮೀಟರ್ ಮೇಲೆ. ಅದು ಕಳಿಸುವ ಶಕ್ತಿ 50 ವಾಟ್ ಆಸುಪಾಸು, ಹಳೇ ಕಾಲದ ಒಂದು ಬಲ್ಬಿನಷ್ಟು. ಅಷ್ಟು ದೂರದ ಬಲ್ಬಿನ ಬೆಳಕು ನಮ್ಮ ಅಂಗಳಕ್ಕೆ ಬರುವ ಹೊತ್ತಿಗೆ ಏನು ಉಳಿದೀತು? ರಿಸೀವರ್ ಒಳಗಿನ ಗೊರಗೊರ ಸದ್ದಿಗಿಂತಲೂ ಅದು ಸಣ್ಣದು. ಆ ಗದ್ದಲದ ಒಳಗಿಂದ ಗೊತ್ತಿರುವ ಒಂದು ಕೋಡ್ ಹಿಡಿದು ಹುಡುಕಿ ತೆಗೆಯುತ್ತಾರೆ. ನಮ್ಮ ಕಾಲದಲ್ಲಿ ಇದನ್ನು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಅದನ್ನು ಮುಳುಗಿಸಲು ದೊಡ್ಡ ಯಂತ್ರ ಬೇಡ. ಅದೇ 1575.42 ಮೆಗಾಹರ್ಟ್ಸ್‌ನಲ್ಲಿ ಹತ್ತಿರ ನಿಂತು ಸ್ವಲ್ಪ ಕಿರುಚಿದರೆ ಸಾಕು. ನಂದಿಯ ಶಿವರಾತ್ರಿ ಜಾತ್ರೆಯಲ್ಲಿ ಮೈಕ್ ಪಕ್ಕ ನಿಂತವನಿಗೆ ಹೆಂಡತಿ ಕರೆದದ್ದು ಕೇಳುತ್ತದೆಯೇ? ಜಾಮಿಂಗ್ ಅಂದರೆ ಅದು, ಅದನ್ನು ಮಾಡುವ ಡಬ್ಬಿ ಜಾಮರ್.

ದೆಹಲಿಯಲ್ಲಿ ಆದದ್ದು ಅದಕ್ಕಿಂತ ಕೆಟ್ಟದ್ದು, ಸ್ಪೂಫಿಂಗ್. ಮಗನ ದನಿಯಲ್ಲೇ ಫೋನ್ ಮಾಡಿ ದುಡ್ಡು ಕೇಳುವ ಕಳ್ಳರು ಈಗ ಇದ್ದಾರಲ್ಲ, ಹಾಗೆ. ಸ್ಯಾಟಲೈಟಿನ ದನಿಯಲ್ಲೇ ಸುಳ್ಳು ಹೇಳುತ್ತಾರೆ. ವಿಮಾನ ತಾನು ಇಲ್ಲದ ಜಾಗದಲ್ಲಿ ಇದ್ದೇನೆ ಅಂದುಕೊಳ್ಳುತ್ತದೆ. ನೆಲ ಹತ್ತಿರ ಬಂತು ಅಂತ ಎಚ್ಚರಿಸುವ ಯಂತ್ರವೂ ಜಿಪಿಎಸ್ಸನ್ನೇ ನಂಬುತ್ತದೆ. ಅದಕ್ಕೇ ಸುಳ್ಳು ಸಿಗ್ನಲ್ ಇರುವ ಕಡೆ, ಆಕಾಶದ ಮಧ್ಯದಲ್ಲಿ ಸುಮ್ನೆ "ಪುಲ್ ಅಪ್, ಪುಲ್ ಅಪ್" (ಮೇಲಕ್ಕೆತ್ತು) ಅಂತ ಕೂಗುತ್ತದೆ. ಸುಳ್ಳು ಎಚ್ಚರಿಕೆ ನಾಲ್ಕು ಸಲ ಕೇಳಿದ ಪೈಲಟ್ ಐದನೇ ಸಲದ ನಿಜವನ್ನು ನಂಬುತ್ತಾನೋ ಇಲ್ಲವೋ? ನನಗೆ ಭಯ ಇರುವುದು ಅಲ್ಲಿ.

ಹಾಗಂತ ನಮ್ಮ ಹುಡುಗನ ಡಬ್ಬಿಯಿಂದ ವಿಮಾನ ಬಿದ್ದೇಬಿಡುತ್ತದೆ ಅಂತ ಹೆದರಿಸಲು ನಾನು ಬರೆಯುತ್ತಿಲ್ಲ. ವಿಮಾನದ ಜಿಪಿಎಸ್ ಆಂಟೆನಾ ಬೆನ್ನ ಮೇಲೆ ಇರುತ್ತದೆ. ಕೆಳಗಿನ ಗಲಾಟೆಗೆ ವಿಮಾನದ ಮೈಯೇ ಸ್ವಲ್ಪ ಅಡ್ಡ. ಮೇಲೆ ಹಾರುವಾಗ ಇಂಥ ಪುಟ್ಟ ಡಬ್ಬಿ ಅದಕ್ಕೆ ಏನೂ ಅಲ್ಲ. ಆದರೆ ಪಶ್ಚಿಮದಿಂದ ಇಳಿಯುವ ವಿಮಾನಗಳು ನಮ್ಮ ಹೆದ್ದಾರಿಯನ್ನು ದಾಟಿಕೊಂಡೇ ರನ್‌ವೇ ಮುಟ್ಟುವುದು. ಆಗ ಅವು ಕೆಳಗಿರುತ್ತವೆ. ಏರ್‌ಪೋರ್ಟ್ ನೆಲದ ಮೇಲೆ ಜಿಪಿಎಸ್ ಕೇಳುವ ಉಪಕರಣ ಇಟ್ಟರೆ ಅದಂತೂ ರಸ್ತೆಗೆ ಇನ್ನೂ ಹತ್ತಿರ. ಅಮೆರಿಕದ ನ್ಯೂವಾರ್ಕ್ ಏರ್‌ಪೋರ್ಟಿನಲ್ಲಿ ಹೀಗೇ ಆಯಿತು. ಅಲ್ಲಿ ಜಿಪಿಎಸ್ ಸಹಾಯದಿಂದ ವಿಮಾನ ಇಳಿಸುವ ಹೊಸ ವ್ಯವಸ್ಥೆಯನ್ನು ಪರೀಕ್ಷೆ ಮಾಡುತ್ತಿದ್ದರು. ಅದು ಆಗಾಗ ಕೆಡುತ್ತಿತ್ತು. ಹುಡುಕಿ ಹುಡುಕಿ ಸುಸ್ತಾದರು. 2012ರಲ್ಲಿ ಒಬ್ಬ ಡ್ರೈವರ್ ಸಿಕ್ಕಿಬಿದ್ದ. ಕಂಪನಿ ಕೊಟ್ಟ ಪಿಕಪ್, ಅದರಲ್ಲಿ ಟ್ರ್ಯಾಕರ್, ಮಾಲೀಕನ ಕಣ್ಣು ತಪ್ಪಿಸಲು ಜಾಮರ್. ನಮ್ಮ ಹುಡುಗನ ಕಥೆಯೇ! ದಂಡ ಬಿದ್ದದ್ದು ಮಾತ್ರ 31,875 ಡಾಲರ್. ಅದನ್ನು ರೂಪಾಯಿಗೆ ತಿರುಗಿಸಿ ಹೇಳಿದಾಗ ನಮ್ಮವನ ಮುಖ ನೋಡಬೇಕಿತ್ತು.

ನಮ್ಮಲ್ಲೂ ಇದು ಅಪರಾಧವೇ. ಜಾಮರ್, ಜಿಪಿಎಸ್ ತಡೆಯುವ ಸಾಧನ ಇವನ್ನು ಖಾಸಗಿಯವರು ಬಳಸುವಂತಿಲ್ಲ, ಆನ್‌ಲೈನಿನಲ್ಲಿ ಮಾರುವಂತಿಲ್ಲ ಅಂತ ಕೇಂದ್ರದ ದೂರಸಂಪರ್ಕ ಇಲಾಖೆ 2022ರಲ್ಲೇ ಹೇಳಿದೆ. ಹೇಳಿದ್ದು ನಮ್ಮ ಸರ್ವಿಸ್ ರೋಡಿನ ಟೀ ಅಂಗಡಿಯವರೆಗೆ ಬಂದಿಲ್ಲ, ಅಷ್ಟೆ.

ಈಗ ದೆಹಲಿ ಸುದ್ದಿಗೆ ಬರುತ್ತೇನೆ. 2025ರ ಡಿಸೆಂಬರಿನಲ್ಲಿ ವಿಮಾನಯಾನ ಸಚಿವ ರಾಮಮೋಹನ್ ನಾಯ್ಡು ರಾಜ್ಯಸಭೆಗೆ ಕೊಟ್ಟ ಉತ್ತರದಲ್ಲಿ ನಮಗೆ ಬೇಕಾದ ಎರಡು ಮಾತಿವೆ. ಒಂದು, ಇಂಥ ದೂರು ಬಂದ ಊರುಗಳ ಪಟ್ಟಿಯಲ್ಲಿ ಬೆಂಗಳೂರೂ ಇದೆ. ಇನ್ನೊಂದು, ದೆಹಲಿಯಲ್ಲಿ ತೊಂದರೆ ಆದದ್ದು ಜಿಪಿಎಸ್ ನಂಬಿಕೊಂಡು 10ನೇ ರನ್‌ವೇಗೆ ಇಳಿಯುತ್ತಿದ್ದ ವಿಮಾನಗಳಿಗೆ. ನೆಲದ ಮೇಲಿನ ಹಳೇ ಉಪಕರಣ ಕೆಲಸ ಮಾಡುತ್ತಿದ್ದ ಉಳಿದ ರನ್‌ವೇಗಳಿಗೆ ಏನೂ ಆಗಲಿಲ್ಲ. ಈ ಎರಡನೇ ಮಾತು ಓದಿ ಎಪ್ಪತ್ತರ ಹತ್ತಿರದ ಈ ಮುದುಕನಿಗೆ ಎದೆ ಉಬ್ಬಿತು. ಆ ಹಳೇ ಉಪಕರಣಗಳೇ ನನ್ನ ಅನ್ನ.

ಇಳಿಯುವ ವಿಮಾನಕ್ಕೆ ದಾರಿ ತೋರಿಸುವ ಐಎಲ್ಎಸ್ ಅಂತ ಒಂದಿದೆ. ರನ್‌ವೇ ತುದಿಯಿಂದ ಎರಡು ಸ್ವರ ಕಳಿಸುತ್ತದೆ. ಒಂದು 90 ಹರ್ಟ್ಸ್, ಇನ್ನೊಂದು 150. ಎಡಕ್ಕೆ ಸರಿದು ಬರುತ್ತಿದ್ದರೆ 90 ಜಾಸ್ತಿ, ಬಲಕ್ಕೆ ಸರಿದರೆ 150 ಜಾಸ್ತಿ. ಎರಡೂ ಸಮ ಇದ್ದರೆ ಮೂಗಿನ ನೇರಕ್ಕೆ ರನ್‌ವೇ. ಎಂಥ ಸರಳ ಬುದ್ಧಿ ನೋಡಿ! ಡಿಎಂಇ ಇನ್ನೊಂದು. ವಿಮಾನ "ಓ" ಅನ್ನುತ್ತದೆ. ನೆಲದ ಪೆಟ್ಟಿಗೆ ಸರಿಯಾಗಿ 50 ಮೈಕ್ರೋಸೆಕೆಂಡ್ ತಡೆದು ತಿರುಗಿ "ಓ" ಅನ್ನುತ್ತದೆ. ಉತ್ತರ ಬರಲು ಹಿಡಿದ ಹೊತ್ತಿನಲ್ಲಿ ಆ 50 ಕಳೆದರೆ ದೂರ ಗೊತ್ತಾಯಿತು. ಇವು ಕಳಿಸುವ ಸಿಗ್ನಲ್ ಹತ್ತಿರದ್ದು, ಗಟ್ಟಿ ದನಿಯದ್ದು. ಹೆಬ್ಬೆರಳು ಗಾತ್ರದ ಡಬ್ಬಿ ಇದಕ್ಕೆ ಏನೂ ಮಾಡಲಾರದು.

ಇನ್ನೂ ಹಳೆಯದು ಎಡಿಎಫ್. ಮೀಡಿಯಂ ವೇವ್ ಸ್ಟೇಷನ್ ಎತ್ತ ಇದೆಯೋ ಅತ್ತ ಮುಳ್ಳು ತಿರುಗುತ್ತದೆ. ನಮ್ಮ ಕಡೆ ಪೋಸ್ಟಿಂಗ್ ಇದ್ದಾಗ ಅದನ್ನು ಟೆಸ್ಟ್ ಮಾಡಲು ನಾನು ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ಗೆ ಟ್ಯೂನ್ ಮಾಡುತ್ತಿದ್ದೆ. ಮುಳ್ಳು ಬೆಂಗಳೂರು ತೋರಿಸುತ್ತಿತ್ತು, ಹೆಡ್‌ಫೋನಿನಲ್ಲಿ ಕನ್ನಡ ವಾರ್ತೆ. ಸಾರ್ಜೆಂಟ್ ಒಬ್ಬರು "ಟೆಸ್ಟ್ ಇನ್ನೂ ಎಷ್ಟು ಹೊತ್ತಪ್ಪಾ?" ಅಂತ ಕೇಳಿದರೆ "ಪ್ರದೇಶ ಸಮಾಚಾರ ಮುಗೀಲಿ ಸಾರ್" ಅಂದಿದ್ದೆ. ಬೈಗುಳ ತಿಂದೆ.

ಜಿಪಿಎಸ್ಸನ್ನು ಬೈಯಲು ಬರೆದ ಪತ್ರವೂ ಇದಲ್ಲ. 1983ರ ಸೆಪ್ಟೆಂಬರ್ 1ರಂದು ಕೊರಿಯಾದ ಪ್ರಯಾಣಿಕ ವಿಮಾನ ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋಗಿ, ಹೊಡೆಸಿಕೊಂಡು ಬಿತ್ತು. 269 ಜನ. ಆಗ ನಾನು ಸರ್ವಿಸಿನಲ್ಲಿದ್ದೆ, ಮೆಸ್ಸಿನಲ್ಲಿ ಯಾರಿಗೂ ಊಟ ಸೇರಲಿಲ್ಲ. ಅದಾದ ಮೇಲೆಯೇ ಅಮೆರಿಕ ತನ್ನ ಮಿಲಿಟರಿ ಜಿಪಿಎಸ್ಸನ್ನು ಸಾಮಾನ್ಯ ವಿಮಾನಗಳಿಗೂ ಕೊಡುತ್ತೇವೆ ಅಂದದ್ದು. ಅದರಿಂದ ಉಳಿದ ಜೀವಗಳಿಗೆ ಲೆಕ್ಕ ಇಲ್ಲ. ನನ್ನ ತಕರಾರು ಒಂದೇ. ಎಲ್ಲ ಮೊಟ್ಟೆಯನ್ನೂ ಅದೇ ಬುಟ್ಟಿಗೆ ಹಾಕುತ್ತಿದ್ದೇವೆ. ಈಗ ವಿಮಾನ ತಾನು ಎಲ್ಲಿದ್ದೇನೆ ಅಂತ ಸೆಕೆಂಡಿಗೆ ಎರಡು ಸಲದಂತೆ ಕೂಗಿ ಹೇಳುತ್ತದೆ. ಎಡಿಎಸ್-ಬಿ ಅಂತಾರೆ. ನನ್ನ ಮೊಮ್ಮಗಳು ಫೋನಿನಲ್ಲಿ "ತಾತ, ಈ ವಿಮಾನ ದುಬೈಯಿಂದ ಬಂದಿದ್ದು" ಅಂತ ಹೇಳುವುದು ಅದರಿಂದಲೇ. ಆದರೆ ಆ ಕೂಗಿನ ಮೂಲವೂ ಜಿಪಿಎಸ್. ಒಂದು ವಿಮಾನಕ್ಕೆ ಸುಳ್ಳು ಹೇಳಿದರೆ ಅದು ಊರಿಗೆಲ್ಲ ಅದೇ ಸುಳ್ಳು ಹಂಚುತ್ತದೆ.

ಪುಣ್ಯಕ್ಕೆ, ವಿಮಾನಗಳು ಒಂದಕ್ಕೊಂದು ಡಿಕ್ಕಿಯಾಗದಂತೆ ತಡೆಯುವ ಟಿಕ್ಯಾಸ್ ಹಾಗಲ್ಲ. ಅದು ಎದುರಿನ ವಿಮಾನವನ್ನು ನೇರ ಕೇಳುತ್ತದೆ, ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ತಾನೇ ಅಳೆಯುತ್ತದೆ. ಡಿಎಂಇಯ ತಮ್ಮ ಅನ್ನಿ. ತೀರಾ ಹತ್ತಿರ ಬಂದರೆ ಒಬ್ಬನಿಗೆ ಏರು, ಇನ್ನೊಬ್ಬನಿಗೆ ಇಳಿ ಅನ್ನುತ್ತದೆ. ಇದು ನಮ್ಮ ದೇಶದಲ್ಲಿ ಕಡ್ಡಾಯ ಆದದ್ದು ಹೇಗೆ ಅಂತ ನೆನಪಿದೆಯೇ? 1996ರ ನವೆಂಬರ್ 12, ಹರಿಯಾಣದ ಚರ್ಖಿ ದಾದ್ರಿ. ದೆಹಲಿಯಿಂದ ಏರುತ್ತಿದ್ದ ಸೌದಿ ವಿಮಾನ, ಇಳಿಯುತ್ತಿದ್ದ ಕಜಾಕಿಸ್ತಾನದ ವಿಮಾನ. ಕಜಾಕ್ ವಿಮಾನ 15,000 ಅಡಿಯಲ್ಲಿ ಇರಬೇಕಿತ್ತು, ಅದಕ್ಕಿಂತ ಕೆಳಗೆ ಇಳಿದು ಡಿಕ್ಕಿಯಾಯಿತು. ಅದರ ಪೈಲಟ್‌ಗಳಿಗೆ ಇಂಗ್ಲಿಷ್ ಸರಿಯಾಗಿ ಬಾರದು, ಮಾತಾಡಲು ರೇಡಿಯೋ ಆಪರೇಟರ್ ಬೇರೆ. 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆ ರಾತ್ರಿ ಅಂಗಡಿಯಲ್ಲಿ ರಿಪೇರಿಗೆ ಬಂದಿದ್ದ ಟಿವಿ ಹಚ್ಚಿ ನೋಡುತ್ತಿದ್ದವನು ಕೈಯಲ್ಲಿದ್ದ ಸಾಲ್ಡರಿಂಗ್ ಐರನ್ ಮರೆತು ಮೇಜು ಸುಟ್ಟಿದ್ದೆ. ಆ ಮೇಜು ಇನ್ನೂ ಇದೆ, ಕರಿ ಕಲೆಯೂ ಇದೆ.

ಸಂಶೋಧನೆ ಎಲ್ಲೋ ಹೊರದೇಶದಲ್ಲಿ ನಡೆಯುತ್ತದೆ ಅಂತ ನಮ್ಮ ಮಕ್ಕಳು ಅಂದುಕೊಂಡಿದ್ದಾರೆ. ಮೊಮ್ಮಗಳು ಇಲ್ಲೇ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದುತ್ತಾಳೆ. ಅವಳಿಗೂ ಗೊತ್ತಿರಲಿಲ್ಲ. ಜಿಪಿಎಸ್ ತಪ್ಪನ್ನು ತಿದ್ದಿ ವಿಮಾನಗಳಿಗೆ ಹೇಳುವ ನಮ್ಮ 'ಗಗನ್' ವ್ಯವಸ್ಥೆಯ ಮುಖ್ಯ ಕೇಂದ್ರ ಇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ್ದು. ಅದರಲ್ಲಿ ಒಂದು ಕಷ್ಟದ ಕೆಲಸ ಇತ್ತು. ಭೂಮಿಯ ಕಾಂತೀಯ ಸಮಭಾಜಕ ನಮ್ಮ ದಕ್ಷಿಣದ ತುದಿಯಲ್ಲೇ ಹಾದು ಹೋಗುತ್ತದೆ. ಕೇರಳದ ತುಂಬಾ ಎಂಬ ಊರಲ್ಲಿ ಮೊದಲ ರಾಕೆಟ್ ಹಾರಿಸಿದ್ದೂ ಅದಕ್ಕೇ. ಇಲ್ಲಿ ಸೂರ್ಯ ಮುಳುಗಿದ ಮೇಲೆ ಮೇಲಿನ ಅಯಾನುಗೋಳ, ಅಂದರೆ ವಿದ್ಯುತ್ ಕಣಗಳ ಪದರ, ಹುಳಿ ಬಂದ ದೋಸೆ ಹಿಟ್ಟಿನ ಹಾಗೆ ಗುಳ್ಳೆ ಏಳುತ್ತದೆ. ಸಿಗ್ನಲ್ ಅದರೊಳಗೆ ಬರುವಾಗ ತಡವಾಗುತ್ತದೆ, ತಡವಾದರೆ ದೂರದ ಲೆಕ್ಕ ತಪ್ಪುತ್ತದೆ. ಅಮೆರಿಕದವರ ಲೆಕ್ಕ ಅವರ ಆಕಾಶಕ್ಕೆ ಸರಿ. ನಮ್ಮವರು ನಮ್ಮ ಆಕಾಶಕ್ಕೆ ಬೇರೆ ಲೆಕ್ಕ ಕಟ್ಟಿದರು, ಅಯಾನುಗೋಳವನ್ನು ಪದರ ಪದರವಾಗಿ ಇಟ್ಟುಕೊಂಡು. 2015ರ ಏಪ್ರಿಲಿನಲ್ಲಿ ಗಗನ್‌ಗೆ ವಿಮಾನ ಇಳಿಸಲು ದಾರಿ ತೋರಿಸುವ ಒಪ್ಪಿಗೆ ಸಿಕ್ಕಿತು. ಆದರೆ ಗಗನ್ ಮಾತಾಡುವುದೂ ಜಿಪಿಎಸ್‌ನ ತರಂಗದಲ್ಲೇ. ಹುಡುಗನ ಡಬ್ಬಿಗೆ ಇಬ್ಬರೂ ಒಂದೇ.

ಜಿಪಿಎಸ್ ಥರದ್ದೇ ನಮ್ಮ ನಾವಿಕ್ ಇದೆ. 2013ರಿಂದ ಹಾರಿಸುತ್ತಿದ್ದಾರೆ. ಮೊದಮೊದಲ ಸ್ಯಾಟಲೈಟುಗಳಲ್ಲಿ ದೂರದ ಲೆಕ್ಕಕ್ಕೆ ಬೇಕಾದ ಆಮದು ಗಡಿಯಾರಗಳು ಕೆಟ್ಟವು. 2023ರಲ್ಲಿ ಹೋದ ಎನ್‌ವಿಎಸ್-01ರಲ್ಲಿ ಇಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಇಟ್ಟರು. 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02 ಸೇರಬೇಕಾದ ಕಕ್ಷೆ ಸೇರಲಿಲ್ಲ. ಈ ಕೆಲಸವನ್ನು ಅರ್ಧಕ್ಕೆ ಬಿಡಬಾರದು. ಯುರೋಪಿನವರ ಜಿಪಿಎಸ್ ಆದ ಗೆಲಿಲಿಯೋ 2025ರ ಜುಲೈಯಿಂದ ತನ್ನ ಸಿಗ್ನಲ್ಲಿಗೆ ಸಹಿ ಹಾಕಿ ಕಳಿಸುತ್ತಿದೆ. ಕಾಗದಕ್ಕೆ ಮೊಹರು ಒತ್ತಿದ ಹಾಗೆ. ಮೊಹರು ಇಲ್ಲದ ಕಾಗದವನ್ನು ರಿಸೀವರ್ ಪಕ್ಕಕ್ಕೆ ಎಸೆಯಬಹುದು. ಇನ್ನೊಂದು ದಾರಿ ನಾಲ್ಕಾರು ಆಂಟೆನಾ ಸೇರಿಸಿ ಸಿಗ್ನಲ್ ಎತ್ತಲಿಂದ ಬಂತು ಅಂತ ನೋಡುವುದು. ನಿಜವಾದ ಸ್ಯಾಟಲೈಟುಗಳು ಆಕಾಶದ ತುಂಬ ಚದುರಿರುತ್ತವೆ. ಎಲ್ಲ ಸ್ಯಾಟಲೈಟೂ ಒಂದೇ ಮೂಲೆಯಿಂದ ಮಾತಾಡಿದರೆ ಅಲ್ಲಿ ಯಾರೋ ಕಳ್ಳ ಕೂತಿದ್ದಾನೆ ಅಂತ.

ಕಿವಿಗೊಟ್ಟು ಕೇಳುವ ವಿದ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ. ಆವತ್ತು ಮೊಮ್ಮಗಳು ದಾರಿ ಹುಡುಕುತ್ತಿದ್ದದ್ದು ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯಕ್ಕೇ, ನಾನೇ ನೋಡಿಕೊಂಡು ಬಾ ಅಂದಿದ್ದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲಿ ಅಲ್ಲಿ ಇಂಗ್ಲಿಷ್ 'ಟಿ' ಆಕಾರದಲ್ಲಿ ಸಾವಿರ ಆಂಟೆನಾ ನಿಲ್ಲಿಸಿದರು. ಒಂದು ತೋಳೇ 1.4 ಕಿಲೋಮೀಟರ್ ಉದ್ದ. ಆ ಜಾಗ ಆರಿಸಿದ್ದು ಅಲ್ಲಿ ರೇಡಿಯೋ ಗದ್ದಲ ಕಮ್ಮಿ ಅಂತ. ಈಗಲೂ ಅಲ್ಲಿ ಸೂರ್ಯನ ರೇಡಿಯೋ ಸದ್ದು ಕೇಳುತ್ತಾರೆ. ಅದಕ್ಕೂ ವಿಮಾನಕ್ಕೂ ಏನು ಸಂಬಂಧ ಅನ್ನಬೇಡಿ. 2015ರ ನವೆಂಬರ್ 4ರಂದು ಸೂರ್ಯ ಒಂದು ಸಲ ಜೋರಾಗಿ ಗುಡುಗಿದ್ದಕ್ಕೆ ಸ್ವೀಡನ್‌ನಲ್ಲಿ ವಿಮಾನ ನೋಡುವ ರಾಡಾರುಗಳೇ ಕಕ್ಕಾಬಿಕ್ಕಿಯಾದವು.

ಹುಡುಗನ ಕೈಯಿಂದ ಡಬ್ಬಿ ಕಿತ್ತುಕೊಂಡ ಮಾರನೇ ದಿನ ಸುಮ್ನೆ ಇರಲಾರದೆ ಒಂದು ಕಚೇರಿಗೆ ಫೋನ್ ಮಾಡಿದೆ. ಹೆಸರು ಬೇಡ. "ಸಾರ್, ಏರ್‌ಪೋರ್ಟ್ ರೋಡಲ್ಲಿ ಗಾಡಿಗಳಲ್ಲಿ ಜಾಮರ್ ಇಟ್ಕೊಂಡು ಓಡಾಡ್ತಿದಾರೆ" ಅಂದೆ. ಆ ಕಡೆಯಿಂದ "ಜಾಮ್ ಆಗಿದ್ರೆ ಟ್ರಾಫಿಕ್‌ನೋರಿಗೆ ಹೇಳಿ ಸ್ವಾಮಿ" ಅಂತ ಉತ್ತರ. "ಜಾಮ್ ಅಲ್ಲ ಸ್ವಾಮಿ, ಜಾಮರ್" ಅಂದೆ. "ಎಲ್ಲಿ ಜಾಮ್ ಆಗಿದೆ, ಸಾದಹಳ್ಳಿ ಟೋಲ್ ಹತ್ರಾನಾ?" ಅಂದರು. ನಾನು ಫೋನ್ ಇಟ್ಟೆ.

ಜಿಪಿಎಸ್ ಕೆಟ್ಟರೆ ಹತ್ತು ನಿಮಿಷದೊಳಗೆ ತಿಳಿಸಬೇಕು ಅಂತ ವಿಮಾನಯಾನ ನಿಯಂತ್ರಿಸುವ ಡಿಜಿಸಿಎ ಪೈಲಟ್‌ಗಳಿಗೆ ಹೇಳಿದೆ. ಒಳ್ಳೆಯದೇ. ನೆಲದ ಮೇಲಿರುವ ನಾವು ಯಾರಿಗೆ ತಿಳಿಸಬೇಕು? ಒಂದು ನಂಬರ್ ಕೊಡಿ. ವಾಹನಗಳನ್ನು ಫಿಟ್ನೆಸ್‌ಗೆ ತಂದಾಗ ಆ ಲೈಟರ್ ತೂತಿನ ಕಡೆಯೂ ಒಮ್ಮೆ ನೋಡಿ, ಡ್ರೈವರ್‌ಗಳಿಗೆ ಕನ್ನಡದಲ್ಲಿ ಎರಡು ಸಾಲು ಹೇಳಿ. 2022ರ ನವೆಂಬರಿನಲ್ಲಿ 5ಜಿಯಿಂದ ವಿಮಾನದ ಎತ್ತರ ಅಳೆಯುವ ಉಪಕರಣಕ್ಕೆ ತೊಂದರೆ ಆಗಬಾರದು ಅಂತ ರನ್‌ವೇ ತುದಿಯಿಂದ 2.1 ಕಿಲೋಮೀಟರ್‌ವರೆಗೆ ಆ ತರಂಗದ ಟವರ್ ಬೇಡ ಅಂದರಲ್ಲ. ಟವರ್‌ಗೆ ಹಾಕಿದ ಗಡಿ ಹೆದ್ದಾರಿಯ ಮೇಲೆ ಓಡುವ ಡಬ್ಬಿಗೆ ಇಲ್ಲ. ಕದ್ದುಮುಚ್ಚಿ ಸಿಗ್ನಲ್ ಬಿಡುವವರನ್ನು ಹಿಡಿಯಲು ಕೇಂದ್ರದ ವೈರ್‌ಲೆಸ್ ಮಾನಿಟರಿಂಗ್ ಸಂಸ್ಥೆ ಇದೆ. ಅವರ ಒಪ್ಪಿಗೆ ಪಡೆದು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮಕ್ಕಳಿಗೆ ಪ್ರಾಜೆಕ್ಟ್ ಕೊಡಿ. ಹೆದ್ದಾರಿ ಬದಿಯಲ್ಲಿ ಒಂದು ರಿಸೀವರ್ ಇಟ್ಟು ದಿನಕ್ಕೆ ಎಷ್ಟು ಜಾಮರ್ ಹಾದು ಹೋಗುತ್ತವೆ ಅಂತ ಸುಮ್ನೆ ಎಣಿಸಲಿ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಇಲ್ಲೇ ಇದೆ. ಅವರ ಹುಟ್ಟುಹಬ್ಬಕ್ಕೆ ಹಾರ ಹಾಕುವ ಖರ್ಚಿನಲ್ಲೇ ರಿಸೀವರ್ ಬಂದೀತು.

ದಿಕ್ಕು ಹೇಳುವ ಹಳೇ ವಿಒಆರ್, ಡಿಎಂಇ, ಐಎಲ್ಎಸ್‌ಗಳನ್ನು ಖರ್ಚು ಜಾಸ್ತಿ ಅಂತ ಕಿತ್ತುಹಾಕಬೇಡಿ. ಇವುಗಳಲ್ಲಿ ಕನಿಷ್ಠ ಕೆಲವನ್ನಾದರೂ ಉಳಿಸಿಕೊಳ್ಳುತ್ತೇವೆ ಅಂತ ಸರ್ಕಾರ ಹೇಳಿದೆ. ಉಳಿಸಿಕೊಂಡರೆ ಸಾಲದು, ಅದನ್ನು ಬಿಚ್ಚಿ ಜೋಡಿಸಲು ಬರುವ ಕೈಗಳೂ ಇರಬೇಕು. ನನ್ನ ಜೊತೆಯವರಲ್ಲಿ ಅರ್ಧ ಜನ ಈಗ ಇಲ್ಲ.

ಇನ್ನೊಂದು ಕೆಲಸ ಬಾಕಿ ಇದೆ. ಆ ಕರಿ ಡಬ್ಬಿ ನನ್ನ ಹತ್ತಿರವೇ ಇದೆ. ಹಳೇ ವಾಲ್ವುಗಳ ಜೊತೆ ಬಿಸ್ಕತ್ ಟಿನ್ನಿನಲ್ಲಿ ಹಾಕಿ ಮುಚ್ಚಿಟ್ಟಿದ್ದೇನೆ. ಇದನ್ನು ಮನೆಯಲ್ಲಿ ಇಟ್ಟುಕೊಂಡರೂ ತಪ್ಪಾಗುತ್ತದೋ ಏನೋ ಅಂತ ಮನೆಯಾಕೆ ದಿನಾ ಗೊಣಗುತ್ತಾಳೆ. ತೊಟ್ಟಿಗೆ ಎಸೆದರೆ ಯಾರೋ ಆರಿಸಿಕೊಂಡು ಇನ್ನೊಂದು ಗಾಡಿಗೆ ಸಿಕ್ಕಿಸುತ್ತಾರೆ. ಹುಡುಗನ ಹೆಸರು ಕೇಳದೆ ಇದನ್ನು ತಗೊಳ್ಳುವ ಅಧಿಕಾರಿ ಯಾರು ಅಂತ ದಯವಿಟ್ಟು ನಿಮ್ಮ ಪತ್ರಿಕೆಯಲ್ಲೇ ತಿಳಿಸಿ. ಬಸ್ ಹತ್ತಿ ಬಂದು ಕೊಟ್ಟು ಹೋಗುತ್ತೇನೆ.

ಇಂತಿ,
ವಾಯುಪಡೆಯ ಒಬ್ಬ ಮಾಜಿ ರೇಡಿಯೋ ಫಿಟರ್
ಚಿಕ್ಕಬಳ್ಳಾಪುರ ತಾಲ್ಲೂಕು